ಹಗೇವಿನ ಮನೆಯಲ್ಲಿ ಮೂರು ದಿನ

ಊಟಕ್ಕೆ ರಾಗಿಮುದ್ದೆ, ಮಲಗಲು ಜಗುಲಿ, ಮೀಯಲು ಹಂಡೆಯ ನೀರು. ಇಷ್ಟನ್ನು ದುಡ್ಡು ಕೊಟ್ಟು ಅನುಭವಿಸುವುದಕ್ಕಾಗಿ ಬೆಂಗಳೂರಿನ ಜನ ಎಪ್ಪತ್ತು ಕಿಲೋಮೀಟರು ಪ್ರಯಾಣ ಮಾಡುತ್ತಾರೆಂದು ನನ್ನ ಅಜ್ಜನಿಗೆ ಯಾರಾದರೂ ಹೇಳಿದ್ದರೆ, ಆತ ನಕ್ಕು ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದನೇ ಹೊರತು ಖಂಡಿತ ನಂಬುತ್ತಿರಲಿಲ್ಲ. ಇವೆಲ್ಲವನ್ನೂ ಬಿಟ್ಟು ಓಡಿಹೋಗಲೆಂದೇ ಆತ ತನ್ನ ಮಕ್ಕಳನ್ನು ಓದಿಸಿದವನು. ಅವರು ಓಡಿದರು. ನಾವು, ಮೊಮ್ಮಕ್ಕಳು, ಇನ್ನೂ ದೂರ ಓಡಿದೆವು. ಈಗ ರಜೆ ಬಂತೆಂದರೆ ಅದೇ ಮುದ್ದೆಯನ್ನು ಹುಡುಕಿಕೊಂಡು ಹಿಂದಕ್ಕೆ ಬರುತ್ತಿದ್ದೇವೆ.

ಹೋದ ದಸರಾ ರಜೆಯಲ್ಲಿ ನಾನೂ ಹಾಗೆ ಹೊರಟವನೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರಲ್ಲಿ ತನ್ನ ಮುತ್ತಜ್ಜನ ಕಾಲದ ಬೇಸಾಯದ ಮನೆಯನ್ನು ದುರಸ್ತಿ ಮಾಡಿಸಿ, ಪೇಟೆಯವರು ಬಂದು ತಂಗಲು ಅಣಿಮಾಡಿದ್ದಾನೆ. “ನೀವು ಬಂದು ಮೂರು ದಿನ ಇದ್ದು ಹೋಗಬೇಕು ಸಾರ್. ದುಡ್ಡಿನ ಮಾತಾಡಿದರೆ ನನ್ನಾಣೆ” ಎಂದು ಕರೆದ. ಇತಿಹಾಸ ನನ್ನ ವಿಷಯವಲ್ಲ. ನಾನು ಪಾಠ ಹೇಳುವುದು ಕನ್ನಡ. ಆದರೆ ಹಳೆಯ ಮನೆಯೊಂದರಲ್ಲಿ ಮೂರು ರಾತ್ರಿ ಮಲಗಿದವನಿಗೆ ಇತಿಹಾಸದ ಕಾಟ ತಪ್ಪುವುದಿಲ್ಲವೆಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು.

ರೈಲಿನಿಂದ ಇಳಿದ ಕೂಡಲೇ ಅದು ಆರಂಭವಾಯಿತು. ಬಂಗಾರಪೇಟೆ ಎಂಬ ಹೆಸರು ಚಿನ್ನದ ಗಣಿಯಿಂದಲೇ ಹುಟ್ಟಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಊರಿನ ಹಿಂದಿನ ಹೆಸರು ಬೌರಿಂಗ್‌ಪೇಟೆ. ೧೮೬೨ರಿಂದ ೧೮೭೦ರ ವರೆಗೆ ಮೈಸೂರಿನ ಚೀಫ್ ಕಮಿಷನರ್ ಆಗಿದ್ದ, ಬೆಂಗಳೂರಿಗರಿಗೆ ಆಸ್ಪತ್ರೆಯ ಹೆಸರಿನಿಂದ ಪರಿಚಿತನಾದ ಲೂಯಿನ್ ಬೌರಿಂಗ್‌ನ ನೆನಪಿಗಾಗಿ ಇಟ್ಟದ್ದು. ಅವನ ಅಧಿಕಾರದ ಕಾಲದಲ್ಲಿಯೇ, ೧೮೬೪ರಲ್ಲಿ, ಜೋಲಾರಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಆಮೇಲೆ ಹತ್ತು ಮೈಲಿಯಾಚೆ ಚಿನ್ನ ಸಿಕ್ಕಿತು. ಚಿನ್ನ ಸಿಕ್ಕಮೇಲೆ ಬೌರಿಂಗನನ್ನು ಬಂಗಾರ ಮಾಡುವುದು ಜನರ ನಾಲಿಗೆಗೆ ಏನೂ ಕಷ್ಟವಾಗಲಿಲ್ಲ. ಹೆಸರನ್ನು ನಮ್ಮದು ಮಾಡಿಕೊಳ್ಳುವುದರಲ್ಲಿ ಹಳ್ಳಿಗರಷ್ಟು ದೊಡ್ಡ ವೈಯಾಕರಣಿಗಳು ಇಲ್ಲ.

ಮನೆ ಚೆನ್ನಾಗಿದೆ. ಮುಂದೆ ಕಲ್ಲುಚಪ್ಪಡಿಯ ಜಗುಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಮರದ ಕಂಬಗಳು, ಬಲಗಡೆ ದನದ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಅಲ್ಲಿ ಎರಡು ಮಂಚ, ಒಂದು ಕನ್ನಡಿ. ಹಿಂದೆ ಬಾವಿ, ಬಾವಿಯ ಕಟ್ಟೆಯ ಮೇಲೆ ಕಪಿಲೆಯ ಹಗ್ಗ ಉಜ್ಜಿ ಆದ ಗೀರುಗಳು. ಗೋಡೆಗೆ ಸಿಮೆಂಟು ಬಳಿಯದೆ ಸುಣ್ಣವನ್ನೇ ಬಳಿಸಿದ್ದಾನೆ. ನೆಲದ ಚಪ್ಪಡಿಗಳನ್ನು ಕಿತ್ತು, ಮಟ್ಟಮಾಡಿಸಿ, ಮತ್ತೆ ಅಲ್ಲಲ್ಲೇ ಕೂರಿಸಿದ್ದಾನೆ. ಮೊದಲ ರಾತ್ರಿ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದಾಗ, ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡಿದ್ದ ಕಲ್ಲು ಬೆನ್ನಿಗೆ ಹಿತವಾಗಿ ತಾಗಿತು. ಎಷ್ಟೋ ವರ್ಷಗಳಿಂದ ಬಾರದಂಥ ನಿದ್ದೆ ಬಂತು. ಆ ಸುಖವನ್ನು ಅಲ್ಲಗಳೆದು ನಾನು ಈ ಲೇಖನ ಬರೆಯುತ್ತಿಲ್ಲ.

ಬೆಳಗ್ಗೆ ನನಗೆ ಮನೆ ತೋರಿಸಿದವರು ಅಲ್ಲಿಯೇ ಮೇಲ್ವಿಚಾರಣೆಗೆ ಇರುವ ಎಂಬತ್ತರ ಆಸುಪಾಸಿನ ಹಿರಿಯರು. ಊರಿಗೆಲ್ಲ ಅವರು ‘ತಾತ’. ತೆಲುಗಿನಲ್ಲಿ ಮಾತು ಶುರುಮಾಡಿ ಕನ್ನಡದಲ್ಲಿ ಮುಗಿಸುವುದು ಅವರ ಪದ್ಧತಿ. ಈ ಸೀಮೆಗೆ ಅದೇ ಸಹಜ. ಅಂಗಳದ ಒಂದು ಮೂಲೆಯಲ್ಲಿ ದಪ್ಪ ಗಾಜಿನ ಮುಚ್ಚಳವೊಂದನ್ನು ನೆಲಕ್ಕೆ ಕೂರಿಸಿತ್ತು. ಒಳಗೆ ವಿದ್ಯುದ್ದೀಪ ಉರಿಯುತ್ತಿತ್ತು. ಇಣುಕಿದರೆ ಗುಡಾಣದ ಆಕಾರದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಹಿರಿದು.

“ಇದೇನು ತಾತ?” ಎಂದೆ. ಗೊತ್ತಿದ್ದರೂ ಅವರ ಬಾಯಿಂದ ಕೇಳಬೇಕೆನಿಸಿತು.

“ಹಗೇವು ಸ್ವಾಮಿ. ರಾಗಿ ಹಾಕೋ ಹಗೇವು. ಬಂದೋರೆಲ್ಲ ಇದರ ಪಕ್ಕ ನಿಂತು ಫೋಟೋ ಹಿಡೀತಾರೆ.”

“ಈಗ ರಾಗಿ ಹಾಕುವುದಿಲ್ಲವೆ?”

“ಹಾಕೋಕೆ ಬೆಳೀಬೇಕಲ್ಲ?” ಎಂದು ಮನೆಯ ಹಿಂದಿನ ಹೊಲದ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಸಾಲುಸಾಲಾಗಿ ನೀಲಗಿರಿ ಮರಗಳು ನಿಂತಿದ್ದವು.

ಹಗೇವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಗಟ್ಟಿನೆಲದಲ್ಲಿ ಆಳುದ್ದಕ್ಕೂ ಮಿಗಿಲಾದ ಗುಂಡಿ ತೋಡಿ, ಪಕ್ಕಗಳಿಗೆ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆಯುತ್ತಿದ್ದರು. ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಅವಸರಪಟ್ಟು ಇಳಿದವರು ಜೀವ ಕಳೆದುಕೊಂಡದ್ದುಂಟು. ಶಾಶ್ವತವಾದ ನದಿಯಿಲ್ಲದ ಕೋಲಾರದ ಸೀಮೆಯಲ್ಲಿ ಜನ ಬರವನ್ನು ದಾಟಿದ್ದು ಕೆರೆಗಳಿಂದ ಮತ್ತು ಇಂಥ ಗುಂಡಿಗಳಿಂದ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಗುಂಡಿಯನ್ನೂ ತೋಡಿದರು. ಅದರ ಚರಿತ್ರೆ ಪುಸ್ತಕಗಳಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ೧೮೦೨ರಲ್ಲಿ ಊರಿಗಾಂ, ಮಾರಿಕುಪ್ಪಂ ಹಳ್ಳಿಗಳ ಸುತ್ತ ಚಿನ್ನದ ಸುದ್ದಿ ಕೇಳಿದ. ಹಳ್ಳಿಗರು ಮಣ್ಣನ್ನು ತಂದು ಅವನೆದುರಿಗೆ ತೊಳೆದು ಕಣಗಳನ್ನು ತೋರಿಸಿದರು. ಆಮೇಲೆ ಎಪ್ಪತ್ತು ವರ್ಷ ಹೆಚ್ಚೇನೂ ನಡೆಯಲಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ ಮೈಕೆಲ್ ಲ್ಯಾವೆಲ್, ಇಂದು ಯಾವನ ಹೆಸರಿನ ರಸ್ತೆಯಲ್ಲಿ ನಾವು ಕಾಫಿ ಕುಡಿಯುತ್ತೇವೆಯೋ ಅವನು, ೧೮೭೩ರಲ್ಲಿ ಗಣಿ ಅಗೆಯಲು ಮೈಸೂರು ಸರ್ಕಾರದ ಅನುಮತಿ ಕೇಳಿದ. ೧೮೭೫ರಲ್ಲಿ ಅದು ದೊರೆಯಿತು. ಅವನಲ್ಲಿ ಹಣವಿರಲಿಲ್ಲ. ಹಕ್ಕು ಕೈಬದಲಾಯಿತು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಮೇಲೆ ನಿಜವಾದ ಅಗೆತ ಆರಂಭವಾಯಿತು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಾಕಿದ ಯೋಜನೆಯಂತೆ, ೧೯೦೨ರ ಜೂನ್‌ನಲ್ಲಿ ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ದೂರ ತಂತಿಯ ಮೇಲೆ ಹರಿದು ವಿದ್ಯುತ್ತು ಬಂತು. ಅದನ್ನು ನೋಡಲು ಅಯ್ಯರ್ ಅವರು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮತ್ತೆ ಮೂರು ವರ್ಷ ಕಳೆದು, ೧೯೦೫ರಲ್ಲಿ.

ಇಷ್ಟನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ನನ್ನ ತಲೆಗೆ ಹೊಳೆದ ಪ್ರಶ್ನೆ ಬೇರೆ. ೧೯೦೧ರ ಜನಗಣತಿಯ ಹೊತ್ತಿಗೆ ಚಿನ್ನದ ಗಣಿಯ ಪಟ್ಟಣದಲ್ಲಿ ಸುಮಾರು ೩೮,೦೦೦ ಜನರಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಕುರುಚಲು ಕಾಡೂ ಕಲ್ಲೂ ಇದ್ದವು. ಇಷ್ಟು ಜನ ಏನು ತಿಂದರು? ಹಾಲು ಎಲ್ಲಿಂದ ಬಂತು? ತಂತಿಯಲ್ಲಿ ವಿದ್ಯುತ್ತು ಬರುವ ಮೊದಲು ಹಬೆಯಂತ್ರಗಳ ಒಲೆಗೆ ಸೌದೆಯನ್ನು ಯಾರು ಕಡಿದು ಹೊತ್ತರು?

ತಾತನನ್ನು ಕೇಳಿದೆ. “ಇಲ್ಲಿಂದಾನೇ ಸ್ವಾಮಿ, ಇನ್ನೆಲ್ಲಿಂದ? ನಾನು ಹುಡುಗನಾಗಿದ್ದಾಗ ಈ ಮನೆ ಗಾಡಿ ಮೇಲೇ ಕೂತು ಹೋಗ್ತಿದ್ದೆ. ಸರಿರಾತ್ರೀಲಿ ಎತ್ತು ಕಟ್ಟಿದರೆ ಬೆಳಗಾಗೋ ಹೊತ್ತಿಗೆ ರಾಬರ್ಟ್‌ಸನ್‌ಪೇಟೆ ಸಂತೆ. ಬದನೆ, ಹುಣಿಸೆ, ಅವರೆ, ರಾಗಿ. ಸಂಬಳದ ದಿನ ಆದರೆ ಬೆಲೆ ಕೇಳೋರೇ ಇಲ್ಲ. ಈ ಕಂಬ ಎಲ್ಲ ಆ ದುಡ್ಡಿಂದಲೇ ನಿಂತದ್ದು ಅಂತ ನಮ್ಮಪ್ಪ ಹೇಳ್ತಿದ್ದ.”

ಹಾಗಾದರೆ ನಾನು ಮಲಗಿದ್ದ ಜಗುಲಿಯೂ ಚಿನ್ನದ ಗಣಿಯ ಚರಿತ್ರೆಯ ಒಂದು ಪುಟ. ಗಣಿಯಿಂದ ಸುಮಾರು ೮೦೦ ಟನ್ ಚಿನ್ನ ಹೊರಬಂತೆಂದು ಲೆಕ್ಕವಿದೆ. ಗಣಿಯೊಳಕ್ಕೆ ಇಳಿದವರು ಉಂಡ ರಾಗಿಯ ಲೆಕ್ಕ ಮಾತ್ರ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ. ಅದರ ಸಾಕ್ಷಿಯಾಗಿ ಉಳಿದಿರುವುದು ಇಂಥ ಮನೆಗಳು.

ಎರಡನೆಯ ದಿನ ಬಂಗಾರಪೇಟೆಗೆ ಹೋಗಿ ಮಾರಿಕುಪ್ಪದ ರೈಲು ಹತ್ತಿದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ನಿಲ್ದಾಣಗಳ ಹೆಸರಿನಲ್ಲಿಯೇ ಗಣಿಗಳು ಉಳಿದಿವೆ. ೧೯೫೬ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರಕ್ಕೆ ಹೋದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಹುಟ್ಟಿತು. ೨೦೦೧ರ ಫೆಬ್ರವರಿ ೨೮ರಂದು ಕೆಲಸ ನಿಂತಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಿಂದ ಎತ್ತಿದ ಕಲ್ಲಿನಲ್ಲಿ ಕೊನೆಗೆ ಟನ್ನಿಗೆ ಕೆಲವು ಗ್ರಾಂ ಚಿನ್ನ ಮಾತ್ರ ಸಿಗುತ್ತಿತ್ತು. ಈಗ ಗಣಿಯ ಬಾಯಿಗಳ ಮೇಲೆ ಉಕ್ಕಿನ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಅರೆದು ಚಿನ್ನ ತೆಗೆದಮೇಲೆ ಉಳಿದ ಪುಡಿ ಬೆಟ್ಟಗಳಾಗಿ ಬಿದ್ದಿದೆ. ಸೈನೈಡ್ ದಿಬ್ಬಗಳೆಂದು ಅವನ್ನು ಕರೆಯುತ್ತಾರೆ. ಎಲ್ಲ ಸೇರಿ ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಬೀಸಿದ ದಿನ ಆ ಪುಡಿ ಮನೆಗಳ ಪಾತ್ರೆಯ ಮೇಲೆ ಕೂರುತ್ತದೆ.

ಅಲ್ಲಿ ಮಾತಿಗೆ ಸಿಕ್ಕಿದ ನಿವೃತ್ತ ಕಾರ್ಮಿಕರೊಬ್ಬರು ತಮಿಳು ಬೆರೆತ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಅವರ ತಾತ ಉತ್ತರ ಆರ್ಕಾಟಿನಿಂದ ಬಂದು ಬಿದಿರುತಟ್ಟಿಯ ಗುಡಿಸಲಿನಲ್ಲಿ ಸಂಸಾರ ಹೂಡಿದವರು. ಆಗ ಮೇಲಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಲಸದವರಿಗೆ ತಟ್ಟಿಯ ಸಾಲು. ಆಳದಲ್ಲಿ ಬಂಡೆ ಸಿಡಿದು ಸತ್ತವರನ್ನೂ, ಕಲ್ಲಿನ ಧೂಳು ಎದೆಯೊಳಗೆ ಸೇರಿ ಕೆಮ್ಮಿ ಕೆಮ್ಮಿ ಸೋತವರನ್ನೂ ಅವರು ಹೆಸರು ಹಿಡಿದು ನೆನೆದರು. “ಮಗ ಏನು ಮಾಡುತ್ತಾನೆ?” ಎಂದು ಕೇಳಿದೆ. “ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗ್ತಾನೆ ಸಾರ್. ರಾತ್ರಿ ಬರ್ತಾನೆ. ಈ ಊರಿಗೆ ಊರೇ ಹಾಗೆ” ಎಂದರು. ಹಿಂದೆ ಸುತ್ತಿನ ಹಳ್ಳಿಗಳು ಗಣಿಗೆ ಅನ್ನ ಹೊತ್ತು ಬರುತ್ತಿದ್ದವು. ಈಗ ಗಣಿಯ ಊರೇ ಅನ್ನಕ್ಕಾಗಿ ದಿನವೂ ರೈಲು ಹತ್ತುತ್ತದೆ.

ಮೂರನೆಯ ದಿನ ಬೇತಮಂಗಲಕ್ಕೆ ಹೋದೆ. ತಾತನೂ ನನ್ನ ಜೊತೆ ಹೊರಟರು. ಚಿನ್ನದ ಗಣಿಗೆ ಕುಡಿಯುವ ನೀರು ಹೋದದ್ದು ಪಾಲಾರ್ ನದಿಗೆ ಕಟ್ಟಿದ ಅಲ್ಲಿನ ಕೆರೆಯಿಂದ. ನನಗೆ ಆ ಕೆರೆಯ ಮೇಲೆ ಆಸೆ ಇದ್ದದ್ದು ಬೇರೆ ಕಾರಣಕ್ಕೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಕೆರೆ ಒಡೆದು, ನೊಳಂಬ ಅರಸರ ಕಾಲದಲ್ಲಿ, ಎಂದರೆ ಹತ್ತನೆಯ ಶತಮಾನದಲ್ಲಿ, ಮತ್ತೆ ಕಟ್ಟಿಸಲ್ಪಟ್ಟಿತೆಂದು ಶಾಸನವಿದೆ. ಸಾವಿರ ವರ್ಷದ ಹಿಂದೆಯೇ ಅದು ದುರಸ್ತಿಯಾದ ಕೆರೆ!

ಶಾಸನಗಳನ್ನು ಪಾಠ ಹೇಳುವವರಿಗೆ ಜೀರ್ಣೋದ್ಧಾರವೆಂಬ ಮಾತು ಹಳೆಯ ಗೆಳೆಯನಿದ್ದಂತೆ. ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದು ದೊಡ್ಡ ಪುಣ್ಯವೆಂದು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಕೆರೆಯನ್ನು ಸರಿಮಾಡಿಸಿದವರು ಏರಿಗೆ ಮಣ್ಣು ಹಾಕಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಭಾಗವನ್ನು ಕೆರೆ ನೋಡಿಕೊಳ್ಳುವವರಿಗೆ ಬಿಡುತ್ತಿದ್ದರು. ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಅದಕ್ಕೇ ಹುಟ್ಟಿದವು. ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೂ ನೀರು ಹಂಚುವವನು ನೀರಗಂಟಿ. ಅವನಿಗೂ ಸುಗ್ಗಿಯಲ್ಲಿ ಪಾಲು. ಕಲ್ಲೂ ಮಣ್ಣೂ ಎಷ್ಟು ಮುಖ್ಯವೋ ಅದನ್ನು ನಡೆಸುವ ಮನುಷ್ಯನೂ ಅಷ್ಟೇ ಮುಖ್ಯವೆಂದು ಅವರಿಗೆ ಗೊತ್ತಿತ್ತು.

ಏರಿಯ ಮೇಲೆ ನಿಂತು ಇದನ್ನು ವಿವರಿಸುತ್ತಿದ್ದಾಗ ತಾತ ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ಹೇಳಿದರು: “ನಮ್ಮದೂ ನೀರಗಂಟಿ ಮನೇನೇ ಸ್ವಾಮಿ. ನಮ್ಮೂರ ಕೆರೆ ತೂಬು ನಮ್ಮಪ್ಪಂದು, ಆಮೇಲೆ ನನ್ನದು. ಕಾಲುವೆ ಮುಚ್ಚಿಹೋಯ್ತು, ಕೆರೆ ತುಂಬೋದು ನಿಂತಿತು. ಈಗ ಬೋರ್ವೆಲ್ಲಿಗೆ ನೀರಗಂಟಿ ಯಾಕೆ?”

ನಾನು ಏನೂ ಹೇಳಲಾರದೆ ಹೋದೆ. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿವೆ. ಇದೂ ಒಂದು ಗಣಿಗಾರಿಕೆಯೇ ಅಲ್ಲವೆ? ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ೨೦೧೭ರಲ್ಲಿ ಆಜ್ಞೆ ಮಾಡಿತು. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಕೆಲಸ ೨೦೧೮ರಲ್ಲಿ ಶುರುವಾಯಿತು. ಪೇಟೆಯಿಂದ ಹಳ್ಳಿಗೆ ಹಿಂದಿರುಗುತ್ತಿರುವುದರಲ್ಲಿ ನಾವೂ ಇದ್ದೇವೆ, ನಮ್ಮ ಬಚ್ಚಲಿನ ನೀರೂ ಇದೆ.

ಆ ಸಂಜೆ ಮನೆಯ ಹಿಂದಿನ ಪಡಸಾಲೆಯಲ್ಲಿ ಕುಳಿತಿದ್ದೆವು. ಅಲ್ಲಿನ ನಾಲ್ಕು ಕಂಬಗಳ ಬಣ್ಣ ಬೇರೆಯಾಗಿ ಕಂಡಿತು. ಕೇಳಿದರೆ, ಮೂಲದ ಕಂಬಗಳಿಗೆ ಗೆದ್ದಲು ಹಿಡಿದಿದ್ದರಿಂದ ಬೆಂಗಳೂರಿನ ಹಳೆಯ ಮರದ ವ್ಯಾಪಾರಿಯಿಂದ ತಂದದ್ದೆಂದು ಶಿಷ್ಯ ಹೇಳಿದ. “ಮಾಲೂರಿನ ಕಡೆಯ ಯಾವುದೋ ಮನೆಯವಂತೆ ಸಾರ್.”

ಇಲ್ಲಿ ನನ್ನದೊಂದು ಮಾತು ಹೇಳಬೇಕು. ನಮ್ಮ ಅಜ್ಜನ ಮನೆ ಇದ್ದದ್ದು ಮಾಲೂರು ತಾಲ್ಲೂಕಿನಲ್ಲಿ. ಹನ್ನೆರಡು ವರ್ಷದ ಹಿಂದೆ ನಾವು ಅಣ್ಣತಮ್ಮಂದಿರು ಅದನ್ನು ಮಾರಿದೆವು. ಮಳೆಗೆ ಸೋರುತ್ತದೆ, ಯಾರೂ ಇರುವುದಿಲ್ಲ, ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎರಡು ಕಂಬ ಬರುತ್ತದೆ ಎಂದು ನಗೆಯಾಡುತ್ತಲೇ ಸಹಿ ಹಾಕಿದೆವು. ಕಂಬ, ತೊಲೆ, ಬಾಗಿಲುವಾಡ ಎಲ್ಲವನ್ನೂ ವ್ಯಾಪಾರಿಯೊಬ್ಬ ಲಾರಿಯಲ್ಲಿ ಹೇರಿಕೊಂಡು ಹೋದ. ನನ್ನ ಪಾಲಿನ ಹಣದಲ್ಲಿ ಪುಸ್ತಕದ ಕಪಾಟು ಮಾಡಿಸಿಕೊಂಡೆ. ಅದರಲ್ಲಿ ಶಾಸನ ಸಂಪುಟಗಳನ್ನು ಇಟ್ಟಿದ್ದೇನೆ.

ಚಿಕ್ಕಂದಿನಲ್ಲಿ ತೊಟ್ಟಿಯ ಕಂಬವೊಂದರ ಮೇಲೆ ಮೊಳೆಯಿಂದ ನನ್ನ ಹೆಸರು ಕೆತ್ತಿ ಅಜ್ಜನಿಂದ ಪೆಟ್ಟು ತಿಂದಿದ್ದೆ. ಎಲ್ಲರೂ ಮಲಗಿದ ಮೇಲೆ ದೀಪ ಹಿಡಿದು ಆ ನಾಲ್ಕು ಕಂಬಗಳನ್ನೂ ಸುತ್ತಿಸುತ್ತಿ ಬೆರಳಾಡಿಸಿ ನೋಡಿದೆ. ನನ್ನ ಹೆಸರು ಇರಲಿಲ್ಲ. ಸಮಾಧಾನವಾಯಿತೋ ನಿರಾಸೆಯಾಯಿತೋ ಇಂದಿಗೂ ಹೇಳಲಾರೆ.

ಆದುದರಿಂದ ನನ್ನ ಶಿಷ್ಯನಿಗೆ ಉಪದೇಶ ಮಾಡುವ ಅಧಿಕಾರ ನನಗಿರಲಿಲ್ಲ. ಅವನು ಉಳಿಸಿದವನು, ನಾನು ಮಾರಿದವನು. ಬಂದು ತಂಗುವವರು ಕೊಡುವ ಹಣವಿಲ್ಲದೆ ಆ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಕಾಣಿಸುವುದೂ ಸಾಧ್ಯವಿಲ್ಲವೆಂದು ಅವನು ಲೆಕ್ಕ ಹಾಕಿ ತೋರಿಸಿದಾಗ ಒಪ್ಪಿಕೊಂಡೆ. ಆದರೂ ಹೊರಡುವ ಬೆಳಗ್ಗೆ ಒಂದು ಮಾತು ಕೇಳದಿರಲು ಆಗಲಿಲ್ಲ.

“ಆ ಹಗೇವಿನ ಗಾಜು ತೆಗೆಸಿ, ಒಂದು ಸಲ ರಾಗಿ ತುಂಬಿಸಬಾರದೆ?”

ಅವನು ನಕ್ಕ. “ನೀವು ಹಿಂದಿನ ಹೊಲವನ್ನಷ್ಟೆ ನೋಡಿದಿರಿ ಸಾರ್. ಬಾವಿಯ ಆಚೆ ಬನ್ನಿ” ಎಂದು ಕರೆದುಕೊಂಡು ಹೋದ. ಅಲ್ಲಿ ಎರಡು ಎಕರೆಯಷ್ಟು ನೀಲಗಿರಿ ಕಿತ್ತು, ಬೇರು ಅಗೆಸಿ, ರಾಗಿ ಹಾಕಿದ್ದ. ತೆನೆ ಮುಷ್ಟಿ ಕಟ್ಟುತ್ತಿತ್ತು. ಬದುವಿನ ಮೇಲೆ ತಾತ ಕುಳಿತು ಹಕ್ಕಿ ಅಟ್ಟುತ್ತಿದ್ದರು.

“ಬೆಳೆ ಕೈಗೆ ಬಂದರೆ ತುಂಬಿಸೋದೇ ಸಾರ್. ಆದರೆ ಹುಲ್ಲು ಹೇಗೆ ಒತ್ತಬೇಕು, ಬಾಯಿ ಹೇಗೆ ಮೆತ್ತಬೇಕು, ಅದೆಲ್ಲ ಈ ಊರಿನಲ್ಲಿ ಈಗ ತಾತನಿಗೊಬ್ಬರಿಗೇ ಗೊತ್ತು. ಈ ಸುಗ್ಗಿಯಲ್ಲಿ ಕಲಿತರೆ ಕಲಿತ ಹಾಗೆ.”

ತಾತನಿಗೆ ಎಂಬತ್ತಾಗಿದೆಯೆಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

“ಯಾವಾಗ ಕೊಯ್ಲು ತಾತ?” ಎಂದು ಕೂಗಿ ಕೇಳಿದೆ.

“ಇನ್ನೊಂದು ತಿಂಗಳು ಹೋಗಲಿ ಸ್ವಾಮಿ. ಕೊಯ್ದು, ಮೆದೆ ಹಾಕಿ, ಆಮೇಲೆ ಕಣ. ಸಂಕ್ರಾಂತಿ ಕಳೀಲಿ.”

ಸಂಕ್ರಾಂತಿ ಕಳೆದ ವಾರಕ್ಕೆ ನನಗೆ ಎರಡು ದಿನ ರಜೆ ಉಳಿದಿದೆ. ಕಾಲೇಜಿನಲ್ಲಿ ಈಗಲೇ ಅರ್ಜಿ ಬರೆದುಕೊಟ್ಟಿದ್ದೇನೆ. ಕಾರಣ ಎಂಬ ಜಾಗದಲ್ಲಿ ‘ಸ್ವಂತ ಕೆಲಸ’ ಎಂದು ಬರೆದೆ.